ಕಿರಿತಜ್ಜ ಕೊಡದೆ ತಂದ ಎಲೆ

ಮಗು ನಿದ್ದೆಯಲ್ಲಿ ಬೆಚ್ಚಿದರೂ ಸಾಕು, ಹೆಸರಿನಿಂದಲೇ ಏನೋ ಅಂಟಿಕೊಂಡಿದೆ ಅನ್ನಿಸುತ್ತದೆ. ಆರೂಷಾ ಪಟ್ಟಣದಲ್ಲಿ ಓದಿ ಬೆಳೆದವಳು ಹೀಗೆಲ್ಲ ಹೆದರಬಾರದು, ಗೊತ್ತು. ಆದರೂ ಹಣೆ ಮುಟ್ಟಿ ಮುಟ್ಟಿ ನೋಡುತ್ತೇನೆ. ಏಳು ತಿಂಗಳ ಮಗನಿಗೆ ನನ್ನ ಮುತ್ತಜ್ಜ ಕಿರಿತಾನ ಹೆಸರು. ಹೆಸರಿಟ್ಟ ಮೇಲೆ ಆ ಪತ್ರ ಸಿಕ್ಕಿತು.

ಜರ್ಮನ್ನರ ಕಾಲದಲ್ಲಿ ಕಿಲಿಮಂಜಾರೊ ತಪ್ಪಲನ್ನು ಅಳೆದ ಮೋಜಣಿದಾರನೊಬ್ಬ ತನ್ನ ತಂಗಿಗೆ ಬರೆದ ಪತ್ರಗಳು, ಸ್ವಾಹಿಲಿಗೆ ಅನುವಾದವಾಗಿ, ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದಿದ್ದವು. ಒಂದರಲ್ಲಿ ಹೀಗಿತ್ತು: "ಮಚಾಮೆ ಊರಿನ ಹೊಳೆ ಪಕ್ಕ ಒಂದು ಬಾಳೆತೋಟ, ಸುತ್ತ ಗಡಿಗಿಡದ ಸಾಲು. ಯಾರದೆಂದು ಕೇಳಿದೆ. ಅಳತೆಯ ಸರಪಳಿ ಹಿಡಿಯುವ ಆಳು ಕಿರಿತಾ, ಯಾರದೂ ಅಲ್ಲವೆಂದು ಗಿಡಗಳನ್ನು ತಾನೇ ಕಿತ್ತುಹಾಕಿದ. ಆಮೇಲೆ ತಿಳಿಯಿತು, ಅದು ಸಂತೆಗೆ ಹೋಗಿದ್ದ ಉರಾಸಾ ಮನೆಯ ವಿಧವೆಯದು. ಅಷ್ಟರಲ್ಲಿ ನಕ್ಷೆ ಕಳಿಸಿಯಾಗಿತ್ತು."

ಬಿಳಿಯನ ಕಾಫಿತೋಟಕ್ಕೆ ನೆಲ ಬೇಕಿತ್ತು. ವಿಧವೆಯದನ್ನು ಬಿಟ್ಟಿದ್ದರೆ ಮುಂದೆ ಹೋಗುತ್ತಿದ್ದುದು ನಮ್ಮದೇ ತೋಟ. ಅವಳು ಮಕ್ಕಳನ್ನು ಕಟ್ಟಿಕೊಂಡು ಕೆಳಗಿನ ಒಣ ಬಯಲಿಗೆ ಇಳಿದಳು.

ಭಾನುವಾರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮಾಂಕಾ ಅಜ್ಜಿಯ ಬಳಿ ಹೋದೆ. ಅವಳು ಕಿರಿತಾನ ಮಗಳು. ಬಾಳೆಕಾಯಿ ಹೆರೆಯುತ್ತಿದ್ದಳು.

"ನಿಮ್ಮಪ್ಪ ಎಂಥವ್ರಜ್ಜಿ?"

"ತೆಪ್ಪಗಿರೋನು. ನಿನ್ನ ಹಾಗೆ ಮಗು ಸೀನಿದ್ರೆ ಆಸ್ಪತ್ರೆಗೆ ಓಡ್ತಿರ್ಲಿಲ್ಲ."

ಪತ್ರ ಓದಿದೆ. ಚಾಕು ನಿಂತಿತು.

"ಅದಕ್ಕೇನಾ," ಎಂದಳು.

ಕಿರಿತಜ್ಜ ತೊಂಬತ್ತು ವರ್ಷ ಬದುಕಿದ. ಕಾಫಿ ಬಾಯಿಗೆ ಹಾಕಲಿಲ್ಲ. ಹೊಳೆಪಕ್ಕದ ಹಾದಿ ಬಿಟ್ಟು ಗುಡ್ಡ ಸುತ್ತಿಯೇ ಇಗರ್ಜಿಗೆ ಹೋಗುತ್ತಿದ್ದ. ವರ್ಷಕ್ಕೊಮ್ಮೆ ದೊಡ್ಡ ಮಳೆ ನಿಂತ ಮೇಲೆ, ಗಡಿಗೆ ನೆಡುವ ಅದೇ ಇಸಾಲೆ ಗಿಡದ ಎಲೆ ಕೊಯ್ದು, ಗಂಟು ಹಾಕಿ, ಆ ವಿಧವೆ ಇಳಿದುಹೋದ ಬಯಲಿಗೆ ನಡೆಯುತ್ತಿದ್ದ. ಆ ಎಲೆ ಹಿಡಿದು ತಪ್ಪೊಪ್ಪಿಕೊಂಡು ಬಂದವನನ್ನು ನಮ್ಮಲ್ಲಿ ಯಾರೂ ತಿರುಗಿ ಕಳಿಸುವಂತಿಲ್ಲ. ಸಂಜೆ ಬಾಡಿದ ಎಲೆಯೊಂದಿಗೇ ಹಿಂತಿರುಗುತ್ತಿದ್ದ.

"ಎಲೆಗೆ ಊರು ತೋರಿಸ್ಕೊಂಡು ಬಂದ್ರಾ ಅಂತ ಅಮ್ಮ ಹಂಗಿಸೋಳು," ಅಜ್ಜಿ ಹೇಳಿದಳು. "ಯಾಕಪ್ಪಾ ಕೊಡಲ್ಲ ಅಂತ ಒಂದ್ಸಲ ಕೇಳ್ದೆ. ಕೊಟ್ರೆ ಅವ್ರು ಕ್ಷಮಿಸ್ಲೇಬೇಕಾಗುತ್ತೆ ಮಗಳೇ, ಇದ್ದಿದ್ದನ್ನ ಕಿತ್ಕೊಂಡಾಯ್ತು, ಇಲ್ಲ ಅನ್ನೋ ಮಾತನ್ನೂ ಕಿತ್ಕೊಳ್ಳಲಾ ಅಂದ. ಏನು ಕಿತ್ಕೊಂಡಿದ್ದು ಅಂತ ಮಾತ್ರ ಬಾಯಿ ಬಿಡಲಿಲ್ಲ."

ಕಾಫಿತೋಟ ಮುಚ್ಚಿದೆ. ನೆಲವನ್ನು ಹಳೆಯ ಮನೆತನಗಳಿಗೆ ಮರಳಿಸುತ್ತಿದ್ದಾರೆ. ಉರಾಸಾದವರ ಬಳಿ ಪುರಾವೆಯಿಲ್ಲ, ಹಾಗಾಗಿ ಹೊಳೆಪಕ್ಕದ ತುಂಡು ಪಕ್ಕದ ತೋಟದವರಾದ ನಮ್ಮ ಪಾಲಿಗೆ ಸೇರಲಿದೆ. ಹಕ್ಕು ಕೇಳಲು ಶುಕ್ರವಾರ ಕೊನೆಯ ದಿನ. ಪತ್ರವನ್ನು ಕಪಾಟಿನಲ್ಲಿಟ್ಟು ಸುಮ್ಮನಿದ್ದರೆ ಮಗನಿಗೆ ನೆಲವಾಗುತ್ತದೆ.

"ಏನು ಮಾಡ್ಲಿ ಅಜ್ಜಿ?"

"ಓದಿದ್ದು ನೀನು. ಆ ಗಿಡ ಇನ್ನೊಂದ್ಸಲ ಕೀಳೋದಾದ್ರೆ ನೀನೇ ಕೀಳ್ಬೇಕು." ಮತ್ತೆ ಚಾಕು ಎತ್ತಿಕೊಂಡು, "ಬೇಲೀಲಿ ಇಸಾಲೆ ಇದೆ. ಒಂದೆಲೆ ಕೊಯ್ಕೊಂಡು ಹೋಗು," ಎಂದಳು.

ಕೊಯ್ಯಲಿಲ್ಲ. ಮಂಗಳವಾರದವರೆಗೂ ಉರಾಸಾ ಮನೆಯವರ ನಂಬರು ಒತ್ತುವುದು, ಅಳಿಸುವುದು. ಬುಧವಾರ ಮಗುವಿಗೆ ಗಂಜಿ ಕುಡಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಒತ್ತಿಯೇಬಿಟ್ಟೆ.

"ಎಲಿನಾಮಿ ಉರಾಸಾ ಮೇಷ್ಟ್ರಾ? ನಾನು ಮಚಾಮೆಯ ಕಿರಿತಾನ ಮರಿಮಗಳು. ನನ್ನ ಕೈಯಲ್ಲಿ ಎಲೆ ಇಲ್ಲ ಮೇಷ್ಟ್ರೇ, ಒಂದು ಕಾಗದ ಇದೆ. ಪೂರ್ತಿ ಕೇಳಿ. ಆಮೇಲೆ ಇಲ್ಲ ಅನ್ಬೇಕು ಅನ್ನಿಸಿದ್ರೆ ಅನ್ನಿ."

ಅತ್ತ ಯಾರೋ ರೇಡಿಯೊ ಸಣ್ಣ ಮಾಡಿದರು.

"ಓದಮ್ಮಾ," ಎಂದರು ಮೇಷ್ಟ್ರು.