ಮಗ್ಗಿ ಕೇಳುವ ಕಂಪ್ಯೂಟರ್

ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ರುದ್ರಾಣಿ ಟೀಚರ್ ಬೆತ್ತ ಹಿಡಿಯಲು ಒಲ್ಲರು. ಮಕ್ಕಳಿಗೆ ಮಗ್ಗಿ ಕೇಳಲೆಂದೇ ಶಾಲೆಯ ಕಂಪ್ಯೂಟರಿಗೆ ತಿಳಿಯುವ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮೊಂದನ್ನು ಬರೆದು ಕ್ಯಾಸೆಟ್ಟಿನಲ್ಲಿ ಇಟ್ಟಿದ್ದರು. ಎಂಬತ್ತೆಂಟರಲ್ಲಿ ಹೊಸ ಕಂಪ್ಯೂಟರ್ ಬಂತು. ಅದರ ಹೊಸ ಬೇಸಿಕ್ಕಿಗೆ ಹಳೆಯ ಸಾಲುಗಳು ಅರ್ಥವೇ ಆಗಲಿಲ್ಲ, ದರಿದ್ರದ್ದು! ಎರಡೂ ಕಂಪ್ಯೂಟರುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಬೇಸಿಗೆ ರಜೆಯೆಲ್ಲ ಕೂತು, ಒಂದೊಂದೇ ಸಾಲು ತಿದ್ದಿ ಬರೆದು ಫ್ಲಾಪಿಗೆ ಹಾಕಿದರು. ಕ್ಯಾಸೆಟ್ ಓದುತ್ತಿದ್ದ ಹಳೆಯ ಕಂಪ್ಯೂಟರ್ ಗುಜರಿಗೆ ಹೋಯಿತು.

ಆಯುಧಪೂಜೆಯ ದಿನ ಜವಾನ ಚಿತ್ತಪ್ಪ ಭಕ್ತಿಯಿಂದ ಫ್ಲಾಪಿಗೆ ಮೂರು ಬೆರಳಿನ ವಿಭೂತಿ ಎಳೆದ. ಅದರ ತೆರೆದ ಕಿಂಡಿಯೊಳಗೆ ಒದ್ದೆ ಬೂದಿ ಹೊಕ್ಕು ಫ್ಲಾಪಿ ಕೆಟ್ಟೇ ಹೋಯಿತು.

"ಹಳೇ ಕ್ಯಾಸೆಟ್ಟಿಗೂ ವರ್ಷಾ ವರ್ಷ ಹಚ್ಚಿದೀನ್ರೀ ಟೀಚರ್. ಅದಕ್ಕೇನೂ ಆಗಿಲ್ಲ, ನೋಡ್ರಿ, ಹಂಗೇ ಐತೆ," ಎಂದು ಅವನು ಅಳುಮೋರೆ ಹಾಕಿಕೊಂಡು ಕ್ಯಾಸೆಟ್ಟನ್ನು ಮುಂದೆ ಹಿಡಿದ.

"ಐತೆ ಚಿತ್ತಪ್ಪ," ಎಂದರು ಟೀಚರ್. "ಅದನ್ನ ಓದಾಕೆ ಕಂಪ್ಯೂಟರ್ ಎಲ್ಲೈತೆ?"