ಅಕ್ಸ್‌ಬ್ರಿಡ್ಜ್‌ನಿಂದ ಹೋಗಿ ಪಳಗಿಸಿದ ಹಿಮಗಾಡಿ

ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್, ಓಡಿಸುವುದು ನನ್ನಿಂದ ಆಗದ ಮಾತು ಎಂದವರು ಬಸವರಾಜ ಮಾಮ, ನಮ್ಮ ಅವ್ವನ ತಮ್ಮ. ಹೇಳಿದ್ದು ಲಂಡನ್ನಿನ ಸೌತ್‌ಹಾಲ್ ಬ್ರಾಡ್‌ವೇಯ ಮಿಠಾಯಿ ಅಂಗಡಿಯಲ್ಲಿ, ಎದುರಿಗೆ ಇನ್ನೂ ಮೂರು ಮಂದಿ ನೆಂಟರಿದ್ದಾಗ. "ಕಾರಿನ ಟೆಸ್ಟಿನ್ಯಾಗ ಎರಡ ಸಲ ಫೇಲ್ ಆದಾಕಿ ನೀ. ಬರ್ಫದಾಗ ಏನ ಗಾಡಿ ಹೊಡಿತಿ? ಬಿಡವಾ." ಮಾಮ ಲಂಡನ್ನಿನಲ್ಲಿ ಕೆಂಪು ಬಸ್ಸು ಓಡಿಸುತ್ತಾರೆ. ಗಾಡಿಯ ವಿಷಯ ಬಂದರೆ ನಮ್ಮ ಬಳಗದಲ್ಲಿ ಅವರದೇ ಕೊನೆಯ ಮಾತು. ಎರಡೂ ಸಲ ನನಗೆ ಕಾರು ಕಲಿಸಿದ್ದು ಅವರೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ವಿಜಯಪುರದ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಓದಿಸಿದರು. ಈಗ ಲಂಡನ್ನಿನ ಪಶ್ಚಿಮ ಅಂಚಿನ ಅಕ್ಸ್‌ಬ್ರಿಡ್ಜ್‌ನ ಒಂದು ಕಚೇರಿಯಲ್ಲಿದ್ದೇನೆ. ಉತ್ತರ ಸ್ವೀಡನ್ನಿನ ಬೆಟ್ಟಗಳಲ್ಲಿ ಹಿಮದ ಆಳ ಅಳೆದು, ಬೇಸಿಗೆಗೆ ಎಷ್ಟು ನೀರು ಹರಿದೀತೆಂದು ಜಲವಿದ್ಯುತ್ ಕಂಪನಿಗಳಿಗೆ ತಿಳಿಸುವ ಕಚೇರಿ. ಅಳೆಯಲು ಹೋಗುವವರಿಗೆ ತಮ್ಮದೇ ಸ್ನೋಮೊಬೈಲ್ ಇರುತ್ತದೆ. ಖರ್ಚು ಕಚೇರಿಯದು, ಆಯ್ಕೆ ನಮ್ಮದು. ಆದರೆ ಓಡಿಸುವ ಪ್ರಮಾಣಪತ್ರ ಪಡೆಯಬೇಕು. ಸಿಗದಿದ್ದರೆ ಚಳಿಗಾಲವಿಡೀ ಬೇರೆಯವರು ಅಳೆದು ತಂದ ಅಂಕಿಗಳನ್ನು ನಾನು ಹೀಟರಿನ ಪಕ್ಕ ಕುಳಿತು ಟೈಪ್ ಮಾಡಬೇಕು. ನಾನು ಓದಿದ್ದು ಅದಕ್ಕಲ್ಲ.

ಫೆಬ್ರವರಿಯ ಒಂದು ಸೋಮವಾರ, ಜಿನುಗು ಮಳೆಯಲ್ಲಿ, ಅಕ್ಸ್‌ಬ್ರಿಡ್ಜ್‌ನಿಂದ ಬಸ್ಸಿನಲ್ಲಿ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೊರಟೆ. ಮಾಮ ರಜೆ ಹಾಕಿ ಜೊತೆಗೆ ಬಂದರು. ಗಾಡಿ ಆರಿಸುವುದು ಹುಡುಗಾಟವಲ್ಲವಂತೆ. ಅವರ ಟಿಕೆಟ್ಟು ಹೋಗಿಬರಲು ಮುನ್ನೂರು ಪೌಂಡಿಗೆ ಸ್ವಲ್ಪ ಕಡಿಮೆ. ಅದನ್ನು ಸ್ಟಾಕ್‌ಹೋಮ್ ಬರುವವರೆಗೂ ಹೇಳುತ್ತಲೇ ಇದ್ದರು. ಅಲ್ಲಿ ವಿಮಾನ ಬದಲಿಸಿ ಉತ್ತರ ತುದಿಯ ಕಿರುನಾ ಎಂಬ ಊರಿನಲ್ಲಿ ಇಳಿದಾಗ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಉಸಿರೆಳೆದರೆ ಮೂಗಿನೊಳಗಿನ ಕೂದಲು ಗರಿಗರಿಯಾಗುತ್ತಿತ್ತು. ಮಾಮನ ಮನೆಯಿಂದ ಅತ್ತೆ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಆ ಚಳಿ ಏನೂ ಮಾಡಲಿಲ್ಲ. ಹೋಟೆಲಿನ ಕಿಟಕಿಯ ಹೊರಗಿಟ್ಟ ಮೊಸರು ಮಾತ್ರ ಕಲ್ಲಾಯಿತು.

ಮರುದಿನ ಊರಾಚೆಯ ಅಂಗಡಿಗೆ ಹೋದೆವು. ಅಂಗಳದಲ್ಲಿ ಗಾಡಿಗಳು ಸಾಲಾಗಿದ್ದವು: ಮುಂದೆ ಎರಡು ಹಿಮಜಾರು ಪಟ್ಟಿ, ಹಿಂದೆ ಅಗಲವಾದ ರಬ್ಬರ್ ಬೆಲ್ಟು. ಮಾಮ ಅಭ್ಯಾಸಬಲದಿಂದ ಟೈರಿಗೆ ಒದ್ದು ನೋಡಲು ಕಾಲೆತ್ತಿದರು, ಟೈರಿಲ್ಲದ್ದು ಕಂಡು ಇಳಿಸಿದರು. ಅವರ ಕಣ್ಣು ಕೆಂಪು ಬಣ್ಣದ, ಸಪೂರ, ಜಿಗಿಯುವ ಗಾಡಿಯ ಮೇಲೆ. ನಾನು ಒಂದೊಂದರ ಮೇಲೂ ಕುಳಿತೆ. ಇದರಲ್ಲಿ ವೇಗ ಕೊಡುವುದು ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಹಿಡಿ. ಕೆಂಪು ಗಾಡಿಯದು ದಪ್ಪ ಗವಸಿನೊಳಗಿನ ನನ್ನ ಹೆಬ್ಬೆರಳಿಗೆ ನಿಲುಕಲಿಲ್ಲ. ಕೊನೆಗೆ ಮೆಚ್ಚಿದ್ದು ಬೂದು ಬಣ್ಣದ, ಇಬ್ಬರು ಕೂರಬಹುದಾದ, ಬೆಲ್ಟು ಅಗಲವಿದ್ದುದರಿಂದ ಆಳ ಹಿಮದಲ್ಲೂ ಹೂತುಹೋಗದ, ಹಿಂದೆ ಸಾಮಾನಿನ ಬಂಡಿ ಎಳೆಯುವ ಗಾಡಿ.

"ಇದು ಎಮ್ಮಿ ಇದ್ದಂಗ ಐತಲ್ಲ," ಎಂದರು ಮಾಮ.

"ಎಮ್ಮಿನ ಹಾಲ ಕೊಡೂದು, ಮಾಮಾ," ಎಂದು ಸಹಿ ಹಾಕಿದೆ.

ಬುಧವಾರ ಪಳಗಿಸುವ ಕೆಲಸ. ಹೊಸ ಎಂಜಿನ್ನಿಗೆ ಮೊದಲ ಟ್ಯಾಂಕು ಮುಗಿಯುವವರೆಗೆ ಪೂರ್ತಿ ವೇಗ ಕೊಡಬಾರದು, ಒಂದೇ ವೇಗದಲ್ಲೂ ಓಡಿಸಬಾರದು. ಏರಿಸುತ್ತ ಇಳಿಸುತ್ತ ಹೋಗಬೇಕು. ತರಬೇತಿ ಕೊಡುವ ಅನ್ನಾ ಎಂಬಾಕೆ ಇದನ್ನು ಹೇಳಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ನನ್ನನ್ನು ಬಿಟ್ಟಳು. ಅಲ್ಲಿ ಎಲ್ಲ ಸರಿಯಾಗಿತ್ತು. ಗುಡ್ಡದ ಓರೆಗೆ ಬಂದಾಗ ಗಾಡಿ ಒಂದು ಬದಿಗೆ ವಾಲಿತು, ನಾನು ಆ ಬದಿಯ ಕಾಲು ಕೆಳಗಿಟ್ಟೆ. ವಿಜಯಪುರದಲ್ಲಿ ಮೊಪೆಡ್ ಕಲಿತವರೆಲ್ಲ ಮಾಡುವುದು ಅದನ್ನೇ. ದಾರಿಯಲ್ಲಿ ಮರಳು ಸಿಕ್ಕರೆ ಕಾಲು ಕೊಟ್ಟೇ ನಾವು ಗಾಡಿ ಬೀಳದಂತೆ ಹಿಡಿಯುವುದು. ಇಲ್ಲಿ ಕಾಲು ತೊಡೆಯವರೆಗೆ ಹಿಮದಲ್ಲಿ ಹೂತಿತು, ಎಮ್ಮೆ ಪಕ್ಕಕ್ಕೆ ಉರುಳಿತು. ಹಿಮ ಮೆತ್ತಗಿದ್ದುದರಿಂದ ಕಾಲು ಉಳಿಯಿತು.

ಅನ್ನಾ ಬೈಯಲಿಲ್ಲ. ನಾಳೆ ಪರೀಕ್ಷೆಯಲ್ಲಿ ಒಂದು ಸಲ ಕಾಲು ಕೆಳಗೆ ಬಂದರೂ ತಾನು ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದಳು, ಅಷ್ಟೇ. ಮಾಮ ನನ್ನ ಬೆನ್ನಿನ ಹಿಮ ಕೊಡವುತ್ತ, ಆಫೀಸಿನ ಕುರ್ಚಿಯೂ ಕೆಟ್ಟದ್ದೇನಲ್ಲ, ಬೆಚ್ಚಗಿರುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

"ಮಾಮಾ, ಡಿಗ್ರಿನೂ ನನಗ ಒಮ್ಮಿಗೇ ಸಿಕ್ಕಿಲ್ಲ. ಸ್ಟ್ಯಾಟಿಸ್ಟಿಕ್ಸ್ ಎರಡ ಸಲ ಬರದೀನಿ. ಬೆಚ್ಚಗ ಇರಾಕ ನಾ ಓದಿಲ್ಲ."

ನಾನು ಗಾಡಿ ಎತ್ತಿಸಿಕೊಂಡು ಬೆಳಕಿರುವಷ್ಟು ಹೊತ್ತೂ ಅದೇ ಓರೆಯಲ್ಲಿ ಹೋದೆ, ಬಂದೆ. ಗಾಡಿ ಕೆಳಕ್ಕೆ ವಾಲಿದರೆ ಮೈಯನ್ನು ಮೇಲಿನ ಬದಿಗೆ ವಾಲಿಸಬೇಕು, ಗಾಡಿಯ ಬದಿಯಲ್ಲಿ ಕಾಲಿಡುವ ಹಲಗೆಯಿಂದ ಕಾಲು ಎತ್ತಬಾರದು. ತಲೆಗೆ ಗೊತ್ತಾಯಿತು, ಕಾಲಿಗೆ ಗೊತ್ತಾಗಲು ಹೊತ್ತು ಹಿಡಿಯಿತು. ಸ್ವಲ್ಪ ಹೊತ್ತಿಗೆ ಮಾಮ ತಾವಾಗಿಯೇ ಮೊಣಕಾಲುದ್ದ ಹಿಮದಲ್ಲಿ ಇಳಿದು ಬಂದು ಓರೆಯ ಕೆಳಗೆ ನಿಂತರು. ನನ್ನ ಬೂಟು ಹಲಗೆಯಿಂದ ಮಿಸುಕಿದಾಗಲೆಲ್ಲ "ಕಾಲು" ಎನ್ನುತ್ತಿದ್ದರು. ಮತ್ತೇನೂ ಇಲ್ಲ. ಹಿಂದಿರುಗುವಾಗ ಅವರ ಮೀಸೆ ಹಿಮ ಕಟ್ಟಿ ಬಿಳಿಯಾಗಿತ್ತು.

ಗುರುವಾರದ ಪರೀಕ್ಷೆ ಅರ್ಧ ದಿನದ್ದು. ಕೆರೆ, ಕಾಡಿನ ದಾರಿ, ಸಾಮಾನಿನ ಬಂಡಿ ಕಟ್ಟಿಕೊಂಡು ಹಿಂದಕ್ಕೆ ಬರುವುದು, ಕೊನೆಗೆ ಅದೇ ಓರೆ. ನಡುವೆ ಗಾಡಿ ವಾಲಿತು. ಎಡಗಾಲು ಏಳಲು ನೋಡಿತು. ಹಲಗೆಗೆ ಒತ್ತಿ ಹಿಡಿದು ಬೆಟ್ಟದ ಕಡೆಗೆ ಮೈ ವಾಲಿಸಿದೆ. ಗಾಡಿ ಒಂದು ಕ್ಷಣ ಯೋಚಿಸಿದಂತೆ ಮಾಡಿ, ನೆಟ್ಟಗಾಗಿ ಮೇಲಕ್ಕೆ ಹತ್ತಿತು.

ಅಂಗಳಕ್ಕೆ ಬಂದಾಗ ಅನ್ನಾ ಬಾನೆಟ್ಟಿನ ಮೇಲೆಯೇ ಪ್ರಮಾಣಪತ್ರ ಇಟ್ಟು ಸಹಿ ಮಾಡಿ ಕೊಟ್ಟಳು. ಅದರಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರೂ ಇತ್ತು. ಮಾಮ ಗವಸು ತೆಗೆದು ಅದನ್ನು ಇಸಿದುಕೊಂಡರು, ಎರಡೂ ಹೆಸರು ಓದಿದರು, ಮಡಚದೆ ನನಗೆ ಕೊಟ್ಟರು. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತರು.

"ನಡಿ," ಎಂದರು. "ನೀ ಹೊಡಿ, ನಾ ಹಿಂದ ಕುಂದರ್ತೀನಿ."