ಅತ್ತೆಯ ದ್ರಾಕ್ಷಿಗೆ ಬೂಷ್ಟು ಹಿಡಿಸಿದ್ದು

"ಮುಟ್ಬೇಡ ಅತ್ತೆ! ಅದು ಕೊಳೀಲಿ ಬುಡು!"

ತಾರಸಿಯ ಮೆಟ್ಟಿಲು ಹತ್ತುತ್ತಲೇ ಕೂಗಿದೆ. ಅತ್ತೆ ಸ್ಟೂಲಿನ ಮೇಲೆ ನಿಂತು, ಕೈಯಲ್ಲಿ ಕತ್ತರಿ ಹಿಡಿದು, ಚಪ್ಪರದಲ್ಲಿ ನೇತಾಡುತ್ತಿದ್ದ ದ್ರಾಕ್ಷಿ ಗೊಂಚಲಿಗೆ ಕೈ ಹಾಕಿದ್ದಳು. ನನ್ನ ಕೂಗಿಗೆ ಬೆಚ್ಚಿ ಚಪ್ಪರದ ಕಂಬ ಹಿಡಿದುಕೊಂಡಳು.

"ಏನ್ಲಾ ಬಾಯಿಗೆ ಬಂದಂಗೆ ಆಡ್ತೀಯಾ? ಮೂರು ವರ್ಷ ಸಾಕಿದ್ದೀನಿ ಕಣ್ಲಾ ಇದ್ನ. ಕೊಳೀಲಿ ಅಂತೆ!"

ಅವಳು ನಮ್ಮಪ್ಪನ ತಂಗಿ. ಕೆಸರೆಯಲ್ಲಿ ಅವಳ ಮನೆ, ಕೆಳಗಿನ ರೂಮಿನಲ್ಲಿ ನಾನು. ನನ್ನದು ಪ್ಲಂಬರ್ ಕೆಲಸ. ಮೂರು ವರ್ಷದ ಹಿಂದೆ ಅವಳು ಹಳೇ ಡ್ರಮ್ಮಿಗೆ ಮಣ್ಣು ತುಂಬಿ ಒಂದು ದ್ರಾಕ್ಷಿ ಕಡ್ಡಿ ನೆಟ್ಟಿದ್ದಳು. ಆಗ ಎದುರು ಮನೆಯಾಕೆ ಬೀದಿಗೆಲ್ಲಾ ಕೇಳುವ ಹಾಗೆ, "ಡ್ರಮ್ಮಲ್ಲಿ ದ್ರಾಕ್ಷಿ ಬುಟ್ರೆ ನಮ್ಮನೆ ನಲ್ಲೀಲಿ ಹಾಲು ಬತ್ತದೆ" ಎಂದಿದ್ದಳಂತೆ. ಈ ವರ್ಷ ಬಿಟ್ಟೇಬಿಟ್ಟಿತು. ಒಂಬತ್ತು ಗೊಂಚಲು, ಹಸಿರು ಜಾತಿ. ಮೊದಲ ಹಣ್ಣನ್ನು ಎದುರು ಮನೆಯಾಕೆಯ ಬಾಯಿಗೇ ಹಾಕುತ್ತೇನೆ ಎಂದು ಅತ್ತೆಯೂ ಬೀದಿಗೆಲ್ಲಾ ಹೇಳಿಯಾಗಿತ್ತು. ಹಣ್ಣು ಕೆಟ್ಟರೆ ಅವಳು ಬೀದಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ನಾನು ಬೇಕೆಂದೇ ಕೊಳೆಸೋಣ ಎಂದೆ.

ನನ್ನ ತಲೆಗೆ ಇದನ್ನು ತುಂಬಿದವನು ಫ್ರಾನ್ಸ್ ದೇಶದವನು. ಯೋಗ ಕಲಿಯಲು ಬಂದು ಕುವೆಂಪುನಗರದಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದ. ಅವನ ಗೀಸರ್ ರಿಪೇರಿಗೆ ಹೋಗಿದ್ದೆ. ಟ್ಯೂಷನ್ನಿನಲ್ಲಿ ಕಲಿತ ಕನ್ನಡ ಅವನದು, ಶಾಲೆ ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ.

"ನಮ್ಮ ಮನೆಯವರು ಬಹಳ ಕಾಲದಿಂದ ಸಿಹಿ ವೈನನ್ನು ಮಾಡುತ್ತಾರೆ. ಕೊಳೆತ ದ್ರಾಕ್ಷಿಯಿಂದ" ಎಂದ.

"ಯಾಕೆ ಸಾರ್, ಒಳ್ಳೇದು ಸಿಗಲ್ವಾ ನಿಮ್ಮೂರಲ್ಲಿ?"

ಅವನು ನಕ್ಕು ಕತೆ ಹೇಳಿದ. ಅವನ ಮುತ್ತಜ್ಜನ ಮುತ್ತಜ್ಜ ತೋಟದ ಯಜಮಾನ. ತಾನು ಬರುವವರೆಗೆ ಯಾರೂ ಹಣ್ಣು ಕೀಳಕೂಡದು ಎಂದು ಹೇಳಿ ಪರ ಊರಿಗೆ ಹೋದ. ಬರುವುದು ತಡವಾಯಿತು. ಅಷ್ಟರಲ್ಲಿ ಹಣ್ಣಿಗೆಲ್ಲಾ ಬೂದಿ ಬಣ್ಣದ ಬೂಷ್ಟು ಹಿಡಿಯಿತು. ಬಿಸಾಡಲು ಮನಸ್ಸಾಗದೆ ಅದನ್ನೇ ಹಿಂಡಿಸಿದ. ರಸ ಜೇನಿನ ಹಾಗೆ ಬಂತು. ಅವತ್ತಿನಿಂದ ಬೂಷ್ಟಿಗೇ ಕಾಯುತ್ತಾರಂತೆ. ನಮ್ಮ ಕಡೆ ಯಜಮಾನ ತಡವಾಗಿ ಬಂದು ಬೆಳೆ ಕೊಳೆತರೆ ಆಳುಗಳಿಗೆ ಬೈಗುಳ ಬೀಳುತ್ತದೆ. ಅವರಲ್ಲಿ ಹೆಸರು ಬಂತು.

ಅವರ ತೋಟದ ಹತ್ತಿರ ತಣ್ಣನೆಯ ಹೊಳೆಯೊಂದು ಬೆಚ್ಚಗಿನ ಹೊಳೆಗೆ ಸೇರುತ್ತದಂತೆ. ಅದರಿಂದ ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ಮಂಜಿಗೆ ಬೂಷ್ಟು ಬಂದು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ. ಬಿಸಿಲಿಗೆ ಹಣ್ಣಿನ ನೀರು ಆರಿ ಸಿಹಿ ಒಳಗೇ ಉಳಿಯುತ್ತದೆ. ಕೀಳುವವರು ಒಂದೇ ಗಿಡಕ್ಕೆ ಐದಾರು ಸಲ ಬಂದು, ಸರಿಯಾಗಿ ಸುಕ್ಕಾದ ಹಣ್ಣನ್ನು ಮಾತ್ರ ಒಂದೊಂದೇ ಆರಿಸುತ್ತಾರೆ. ಒಂದು ಗಿಡಕ್ಕೆ ಒಂದು ಲೋಟ ವೈನು ಬಂದರೆ ಹೆಚ್ಚು. ಅದನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ.

ನಾನು ನಂಬಲಿಲ್ಲ. ಅವನು ಊರಿನಿಂದ ತಂದ ಬಾಟಲಿಯಿಂದ ಎರಡು ಗುಟುಕು ಕೊಟ್ಟ. ಬಣ್ಣ ಹರಳೆಣ್ಣೆಯದು. ಬಾಯಿಗೆ ಬಿಟ್ಟರೆ ಜೇನು, ಒಣದ್ರಾಕ್ಷಿ, ಹಿಂದೆಯೇ ಸ್ವಲ್ಪ ಕಿತ್ತಳೆ ಸಿಪ್ಪೆ. ಆಮೇಲೆ ನಂಬಿದೆ.

ಎರಡು ದಿನ ಅತ್ತೆಯ ಬೆನ್ನು ಬಿದ್ದೆ. ಕೊನೆಗೆ ನಾಲ್ಕು ಗೊಂಚಲು ಬಿಟ್ಟುಕೊಟ್ಟಳು. ಉಳಿದ ಐದು ಇನ್ನಷ್ಟು ಸಿಹಿಯಾಗಲಿ ಎಂದು ತಾನೂ ಕತ್ತರಿ ಒಳಗಿಟ್ಟಳು.

"ಕೆಟ್ಟೋದ್ರೆ ನಿನ್ನ ರೂಮಿಗೆ ಬೀಗ ಜಡೀತೀನಿ ನೋಡು."

ಹೊಳೆ ಎಲ್ಲಿಂದ ತರಲಿ? ಸೂಜಿ ಕಾಯಿಸಿ ಪೈಪಿಗೆ ತೂತು ಹಾಕಿ, ನನ್ನ ನಾಲ್ಕು ಗೊಂಚಲಿದ್ದ ಕಡೆ ಚಪ್ಪರಕ್ಕೆ ಕಟ್ಟಿ, ಟ್ಯಾಂಕಿನ ನಲ್ಲಿಗೆ ಜೋಡಿಸಿದೆ. ದಿನಾ ಬೆಳಿಗ್ಗೆ ಅದರಿಂದ ತಣ್ಣೀರಿನ ತುಂತುರು. ಕೆಳಗೆ ಬಕೆಟ್ಟಿನಲ್ಲಿ ಹಂಡೆಯ ಬಿಸಿನೀರು, ಹಬೆಗೆ. ಮಂಜು ಬರಲಿಲ್ಲ. ಅತ್ತೆ ಹರವಿದ್ದ ಸಂಡಿಗೆಯೆಲ್ಲಾ ನೆನೆಯಿತು. ಅದಕ್ಕೆ ಬೇರೆ ಬೈಗುಳ.

ಎರಡು ವಾರಕ್ಕೆ ಬೂಷ್ಟು ಬಂದೇಬಂತು. ನಾನು ಕುಣಿದೆ. ಭಾನುವಾರ ಬಂದು ನೋಡಿ ಎಂದು ಫ್ರಾನ್ಸಿನವನಿಗೆ ಫೋನು ಮಾಡಿದೆ. ಆದರೆ ಅವನಿಗಿಂತ ಮೊದಲು ಎದುರು ಮನೆಯಾಕೆ ತನ್ನ ತಾರಸಿಯಿಂದ ನೋಡಿದಳು.

"ಏನ್ರವ್ವಾ, ನಿಮ್ಮ ದ್ರಾಕ್ಷಿಗೆ ನರೆ ಬಂದದೆ?"

ಇದನ್ನು ಅತ್ತೆ ತಡೆದುಕೊಳ್ಳಲಿಲ್ಲ. ಭಾನುವಾರ ನಾನು ಫ್ರಾನ್ಸಿನವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಾಗ ನನ್ನ ನಾಲ್ಕು ಗೊಂಚಲು ಚಪ್ಪರದಲ್ಲಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕೂತಿದ್ದಳು. ಮುಂದೆ ಬೇಸಿನ್ನು, ಅದರಲ್ಲಿ ಅರಿಶಿನ, ಉಪ್ಪು ಹಾಕಿದ ನೀರು. ಒಂದೊಂದೇ ಹಣ್ಣು ತಿರುಗಿಸಿ ನೋಡಿ, ಚೆನ್ನಾಗಿದ್ದನ್ನು ಬೇಸಿನ್ನಿಗೂ, ಬೂಷ್ಟಿನದನ್ನು ಕಸದ ಬಕೆಟ್ಟಿಗೂ ಹಾಕುತ್ತಿದ್ದಳು. ಒಲೆಯ ಮೇಲೆ ಬೆಲ್ಲ, ಮೆಣಸಿನಕಾಯಿ ಹಾಕಿದ ದ್ರಾಕ್ಷಿ ಗೊಜ್ಜು ಕುದಿಯುತ್ತಿತ್ತು.

"ಅತ್ತೆ! ಎರಡು ವಾರದ ಬೂಷ್ಟು ಕಣತ್ತೆ! ಅರಿಶಿನ ಹಾಕ್ಬುಟ್ಯಲ್ಲ!"

"ಬಂದೋರ ಮುಂದೆ ಬೂಷ್ಟು ಬೂಷ್ಟು ಅಂತ ಅರಚ್ಬೇಡ ಕಣ್ಲಾ. ಮಾನ ಹೋಯ್ತದೆ."

ಫ್ರಾನ್ಸಿನವನು ಸೀದಾ ಕಸದ ಬಕೆಟ್ಟಿಗೆ ಮೂಗಿಟ್ಟ. ಒಂದು ಹಣ್ಣು ಎತ್ತಿ ಹಿಸುಕಿದ. ಮುಖ ಕಿವುಚಿದ.

"ಇದು ಆ ಬೂಷ್ಟು ಅಲ್ಲ. ಇದು ಹುಳಿ ಕೊಳೆ. ವಿನೆಗರ್ ವಾಸನೆ ಬರುತ್ತಿದೆ. ನಾವು ಕೂಡ ಇದನ್ನು ಬಿಸಾಡುತ್ತೇವೆ. ನಿಮ್ಮ ಅತ್ತೆಯವರು ಮಾಡಿದ್ದು ಸರಿ."

ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ನನಗೆ ಎಲ್ಲಿಗಾದರೂ ಓಡಬೇಕೆನಿಸಿತು.

ಅವನು ಅತ್ತೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ತಾನೂ ಹಣ್ಣು ಆರಿಸತೊಡಗಿದ. ಅವಳು ಅವನ ಕೈಮೇಲೆ ಒಂದು ಏಟು ಹಾಕಿ, ಅವನು ಬೇಸಿನ್ನಿಗೆ ಹಾಕಿದ್ದ ಎರಡು ಹಣ್ಣು ತೆಗೆದು ಬಕೆಟ್ಟಿಗೆಸೆದಳು.

"ಕಣ್ ಬುಟ್ಟು ನೋಡಪ್ಪಾ. ತೊಟ್ಟಿನತ್ರ ಮೆತ್ತಗೆ ಅದೆ."

ಅವನಿಗೆ ಭಾರೀ ಖುಷಿಯಾಯಿತು. "ನಮ್ಮ ತೋಟದಲ್ಲಿ ಇಂಥ ಕಣ್ಣು ಇರುವವರು ಸಿಗುವುದಿಲ್ಲ. ತಾವು ಕೊಯ್ಲಿಗೆ ಬರುತ್ತೀರಾ?" ಎಂದು ಕೇಳಿದ.

"ಅಲ್ಲಿ ಮಧ್ಯಾನ ಏನು ಊಟ ಹಾಕ್ತಾರೆ ಕೇಳ್ಲಾ."

"ಬ್ರೆಡ್ಡು" ಎಂದೆ.

"ಹಂಗಾದ್ರೆ ಬ್ಯಾಡ."

ಚಪ್ಪರದಲ್ಲಿ ಉಳಿದ ಐದು ಗೊಂಚಲನ್ನು ಅತ್ತೆ ಅವತ್ತೇ ಕತ್ತರಿಸಿದಳು. ಎಲ್ಲಕ್ಕಿಂತ ದೊಡ್ಡದನ್ನು ಸ್ಟೀಲು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಟ್ಟಲು ಗೊಜ್ಜು ಇಟ್ಟು, ಎದುರು ಮನೆಗೆ ತಾನೇ ಹೊತ್ತುಕೊಂಡು ಹೋದಳು. ನಾನೂ ಅವನೂ ಬಾಗಿಲಲ್ಲಿ ನಿಂತು ನೋಡಿದೆವು. ಆಕೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅಗಿದಳು. ಇಡೀ ಬೀದಿ ಕಾಯುತ್ತಿತ್ತು.

"ಸೀಯಾಗೇ ಅದೆ" ಎಂದಳು. ಆಮೇಲೆ ಗೊಜ್ಜಿಗೆ ಬೆರಳದ್ದಿ ನೆಕ್ಕಿ, "ಉಪ್ಪು ವಸಿ ಮುಂದಾಯ್ತು" ಎಂದಳು.

ಮೊದಲನೆಯ ಮಾತು ಮಾತ್ರ ಅತ್ತೆಗೆ ಕೇಳಿಸಿತು. ವಾಪಸ್ಸು ಬಂದು ಫ್ರಾನ್ಸಿನವನಿಗೆ ಮೂರು ಸಲ ಗೊಜ್ಜು ಬಡಿಸಿದಳು. ನನಗೆ ಒಂದೇ ಸಲ. ಇಷ್ಟೇ ನಡೆದದ್ದು. ಮುಂದಕ್ಕೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.